ಒಬ್ಬಳೇ ಗೇಮ್ ಆಡಿದರೆ ಒಂಟಿ ಅಂತಾನಾ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನನಗೆ 29 ವರ್ಷ. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ರಾತ್ರಿ ಒಂದು ಗಂಟೆ ಲ್ಯಾಪ್‌ಟಾಪಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಆಡುತ್ತೇನೆ, ಒಬ್ಬಳೇ. ಪಿಯುಸಿ ಓದುವ ತಮ್ಮ ಮೊಬೈಲಿನಲ್ಲಿ ಸ್ನೇಹಿತರ ಜೊತೆ ಬಿಜಿಎಂಐ ಅನ್ನುವ ಬಂದೂಕಿನ ಆಟ ಆಡುತ್ತಾನೆ, ಮನೆ ಹಾರಿಹೋಗುವ ಹಾಗೆ ಕಿರುಚಿಕೊಂಡು. ಅಮ್ಮ ಇಬ್ಬರಿಗೂ ಬೈಯುತ್ತಾರೆ. ಆದರೆ ನನಗೇ ಜಾಸ್ತಿ. "ಅವನಿಗಾದ್ರೂ ನಾಲ್ಕು ಜನ ಫ್ರೆಂಡ್ಸ್ ಇದ್ದಾರೆ. ನೀನು ಗೂಬೆ ಥರ ಒಬ್ಬಳೇ ಕೂತಿರ್ತೀಯ" ಅಂತಾರೆ. ಒಮ್ಮೆ ತಮ್ಮ ನನ್ನನ್ನೂ ಸ್ಕ್ವಾಡ್‌ಗೆ ಸೇರಿಸಿಕೊಂಡ. ಕೈ ನಡುಗಿ, ಇಳಿದ ಎರಡೇ ನಿಮಿಷಕ್ಕೆ ಸತ್ತೆ. ಎಲ್ಲರೂ ನಕ್ಕರು. ಆಮೇಲೆ ಆ ಕಡೆ ಹೋಗಿಲ್ಲ. ಒಬ್ಬರೇ ಆಡುವುದು ನಿಜಕ್ಕೂ ಒಂಟಿತನವಾ? ನನ್ನ ಕೈ ಯಾಕೆ ನಡುಗಿತು? ನಾನು, ತಮ್ಮ ಕೂಡಿ ಆಡುವಂಥ ಗೇಮ್ ಇದೆಯಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ.
(ಹೆಸರು ಬೇಡ, ಮೂಡಿಗೆರೆ ತಾಲ್ಲೂಕು)

ಉತ್ತರ: ಅಮ್ಮನ ಮಾತಿನಿಂದಲೇ ಶುರು ಮಾಡೋಣ. ಅವರು ತಲೆ ಎಣಿಸುತ್ತಿದ್ದಾರೆ. ತಮ್ಮನ ಕಿವಿಯಲ್ಲಿ ಮೂವರ ದನಿ ಇದೆ, ನಿಮ್ಮ ಕಿವಿಯಲ್ಲಿ ಯಾರದ್ದೂ ಇಲ್ಲ. ಹಾಗಾಗಿ ಅವನಿಗೆ ಜೊತೆ ಇದೆ, ನೀವು ಒಂಟಿ. ಬಾಗಿಲಲ್ಲಿ ನಿಂತು ನೋಡುವವರಿಗೆ ಈ ಲೆಕ್ಕ ಸರಿಯಾಗೇ ಕಾಣುತ್ತದೆ. ಆಡುವವರಿಗೆ ಗೊತ್ತಾಗುವ ವ್ಯತ್ಯಾಸ ಬೇರೆ. 2003ರಿಂದ ಹತ್ತು ವರ್ಷ ನಾನು ಹಾಸನದ ಬಿ.ಎಂ. ರಸ್ತೆ ಪಕ್ಕದ ಗಲ್ಲಿಯೊಂದರಲ್ಲಿ ಗೇಮಿಂಗ್ ಸೆಂಟರ್ ನಡೆಸಿದವನು. ಎಂಟು ಕಂಪ್ಯೂಟರು, ಗಂಟೆಗೆ 20 ರೂಪಾಯಿ. ಕೌಂಟರಿನಲ್ಲಿ ಕೂತು ನೋಡಿ ನೋಡಿ ನನಗೆ ಹೊಳೆದದ್ದು ಇಷ್ಟು. ಒಬ್ಬರೇ ಆಡುವುದಕ್ಕೂ ಕೂಡಿ ಆಡುವುದಕ್ಕೂ ಇರುವ ದೊಡ್ಡ ವ್ಯತ್ಯಾಸ, ಆಟ ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ ಅನ್ನುವುದು.

ನಿಮ್ಮ ಸ್ಟಾರ್‌ಡ್ಯೂ ವ್ಯಾಲಿಯನ್ನೇ ತಗೊಳ್ಳಿ. ಗೊತ್ತಿಲ್ಲದ ಓದುಗರಿಗೆ ಎರಡು ಮಾತು: ಪಟ್ಟಣದ ಕೆಲಸ ಬಿಟ್ಟು, ತಾತ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಬಂದು ಬೇಸಾಯ ಮಾಡುವ ಆಟ ಇದು. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಪ್ರೋಗ್ರಾಮು ಎಲ್ಲವನ್ನೂ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಮಾಡಿ 2016ರಲ್ಲಿ ಹೊರಗೆ ತಂದ. ಕೂಡಿ ಆಡುವ ಸೌಕರ್ಯ ಸೇರಿದ್ದು 2018ರಲ್ಲಿ. ಆಟದೊಳಗಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಒಬ್ಬರೇ ಆಡುವಾಗ ಚೀಲ ತೆರೆದರೆ ಸಾಕು, ಸೂರ್ಯ ನಿಂತಲ್ಲೇ ನಿಲ್ಲುತ್ತಾನೆ. ಬೀಜ ಎಣಿಸಿ, ಎದ್ದು ಹೋಗಿ ಹಾಲು ಕಾಯಿಸಿ, ಅಮ್ಮನ ಹತ್ತಿರ ಎರಡು ಬೈಗುಳ ತಿಂದು ವಾಪಸ್ ಬನ್ನಿ. ಹೊತ್ತು ಅಲ್ಲೇ ಇರುತ್ತದೆ. ಅದೇ ಜಮೀನಿಗೆ ಇನ್ನೊಬ್ಬರನ್ನು ಸೇರಿಸಿ ನೋಡಿ. ನೀವೊಬ್ಬರು ಚೀಲ ತೆರೆದರೆ ಈಗ ಹೊತ್ತು ನಿಲ್ಲುವುದಿಲ್ಲ. ದಿನ ಮುಗಿಯಬೇಕಾದರೆ ಎಲ್ಲರೂ ಹಾಸಿಗೆ ಸೇರಬೇಕು, ಇಲ್ಲವೇ ಆಟದ ಗಡಿಯಾರದಲ್ಲಿ ರಾತ್ರಿ ಎರಡಾಗಬೇಕು. ನೀವು ಮಲಗಿಕೊಂಡು ಕಾಯುತ್ತಿರುತ್ತೀರಿ, ಜೊತೆಯವರು ಇನ್ನೂ ಗಣಿಯಲ್ಲಿ ಕಲ್ಲು ಒಡೆಯುತ್ತಿರುತ್ತಾರೆ. ಜಮೀನು ಅದೇ, ಸೊಪ್ಪು ತರಕಾರಿ ಅದೇ. ಆದರೂ ಆಡಿದಾಗ ಎರಡು ಬೇರೆ ಬೇರೆ ಆಟದ ಹಾಗೆ ಅನ್ನಿಸುತ್ತದೆ.

ಈಗ ನಿಮ್ಮ ಮನೆಯ ಊಟದ ಹೊತ್ತು. ಅಮ್ಮ ಕರೆದ ಕೂಡಲೇ ನೀವು ಎದ್ದು ಬರುತ್ತೀರಿ. ತಮ್ಮ "ಐದೇ ನಿಮಿಷ" ಅಂದವನು ಅರ್ಧ ಗಂಟೆ ಬರುವುದಿಲ್ಲ. ಬಿಜಿಎಂಐನ ದೊಡ್ಡ ಮ್ಯಾಪಿನಲ್ಲಿ ಒಂದು ಆಟಕ್ಕೆ 100 ಜನ ಇಳಿಯುತ್ತಾರೆ. ಕೊನೆ ತನಕ ಉಳಿದರೆ ಸುಮಾರು ಅರ್ಧ ಗಂಟೆ ಬೇಕು. ಮಧ್ಯೆ ನಿಲ್ಲಿಸುವ ಗುಂಡಿ ಅನ್ನುವುದೇ ಅದರಲ್ಲಿ ಇಲ್ಲ. ಎದ್ದರೆ ಉಳಿದ ಮೂವರನ್ನು ಬಿಟ್ಟು ಓಡಿದ ಹಾಗೆ. ಮದುವೆ ಊಟದ ಪಂಕ್ತಿಯಲ್ಲಿ ಅನ್ನ-ಸಾರು ಬಡಿಸುವಾಗ ಒಬ್ಬರೇ ಎಲೆ ಮಡಚಿ ಎದ್ದರೆ ಹೇಗಿರುತ್ತೆ, ಹಾಗೆ. ಅಮ್ಮನಿಗೆ ಈ ಒಂದು ವಿಷಯ ತಿಳಿಸಿ ಹೇಳಿ. ಆಟದ ನಡುವೆ ಕರೆದರೆ ಜಗಳ ಖಂಡಿತ. "ಈ ಮ್ಯಾಚ್ ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ" ಅಂತ ಮೊದಲೇ ಹೇಳಿದರೆ ಅವನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನನ್ನ ಮಗನ ಮೇಲೆ ಇದನ್ನು ಪ್ರಯೋಗ ಮಾಡಿದ್ದೇನೆ. ಹತ್ತಕ್ಕೆ ಏಳು ಸಲ ಕೆಲಸ ಮಾಡುತ್ತದೆ.

ಕೂಡಿ ಆಡುವುದರ ಕಷ್ಟ-ಸುಖ ನನಗೆ ಮೊದಲು ಗೊತ್ತಾದದ್ದು ಕಾಂಟ್ರಾದಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಟಿವಿಗೆ ಜೋಡಿಸುವ ಗೇಮ್ ಬಂದಿತ್ತಲ್ಲ, ಹಳದಿ ಕ್ಯಾಸೆಟ್ಟಿನದ್ದು, ಮೇಲೆ "9999 ಗೇಮ್ಸ್" ಅಂತ ಬರೆದಿರುತ್ತಿತ್ತು, ಒಳಗೆ ಹತ್ತೋ ಇಪ್ಪತ್ತೋ ಇರುತ್ತಿತ್ತು. ಅದರಲ್ಲಿ ಎಲ್ಲರಿಗೂ ಬೇಕಾದದ್ದು ಎರಡು, ಮಾರಿಯೋ ಮತ್ತು ಕಾಂಟ್ರಾ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಇಬ್ಬರು ಆಡಬಹುದಿತ್ತು, ಆದರೆ ಸರದಿಯ ಮೇಲೆ. ಮಾರಿಯೋ ಸತ್ತ ಮೇಲೆ ಲುಯಿಗಿ. ಅಂದರೆ ಜೊತೆಗಾರ ಸಾಯಲಿ ಅಂತ ಕಾಯುತ್ತಾ ಕೂರುವ ಆಟ. ಕೊನಾಮಿಯವರ ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೇ ಓಡಬೇಕು. ಅದರಲ್ಲಿ ಜಲಪಾತದ ಲೆವೆಲ್ ಒಂದಿದೆ. ಬಂಡೆಯಿಂದ ಬಂಡೆಗೆ ಹಾರುತ್ತಾ ಮೇಲೆ ಹತ್ತಬೇಕು. ಮುಂದಿರುವವನು ಹತ್ತಿದ ಹಾಗೆಲ್ಲ ಪರದೆ ಮೇಲೆ ಸರಿಯುತ್ತದೆ. ಕೆಳಗೆ ಉಳಿದವನ ಕಾಲಡಿಯ ನೆಲವೇ ಮಾಯ, ಅವನು ಸತ್ತ. ನಮ್ಮಣ್ಣನ ಕೈ ಚುರುಕು. ಅವನು ಸರಸರ ಹತ್ತುತ್ತಿದ್ದ, ನಾನು ಪ್ರತಿ ಸಲ ಸಾಯುತ್ತಿದ್ದೆ. ಶತ್ರುವಿನ ಗುಂಡಿಗಿಂತ ಜಾಸ್ತಿ ಸಲ ನಾನು ಸತ್ತದ್ದು ಅಣ್ಣನ ಅವಸರಕ್ಕೆ. "ಕಾಯೋ ಮಾರಾಯ" ಅಂತ ಕೂಗಿದರೆ "ಬೇಗ ಬಾರೋ" ಅನ್ನುತ್ತಿದ್ದ. ಒಂದು ಬೇಸಿಗೆ ರಜೆ ಪೂರ್ತಿ ಈ ಎರಡು ಮಾತಿನಲ್ಲೇ ಕಳೆಯಿತು.

ಅಣ್ಣ ಇಲ್ಲದ ಮಧ್ಯಾಹ್ನ ನಾನೊಬ್ಬನೇ ಅದೇ ಲೆವೆಲ್ ಆಡಿದೆ. ಒಂದೇ ಸಲಕ್ಕೆ ದಾಟಿಬಿಟ್ಟೆ. ದಾಟಿ ಹಿಂದೆ ತಿರುಗಿದರೆ ಹೇಳಿಕೊಳ್ಳಲು ಯಾರೂ ಇಲ್ಲ. ಸಂಜೆ ಅವನು ಬಂದಾಗ ಹೇಳಿದೆ, ನಂಬಲೇ ಇಲ್ಲ.

ಈಗ ನಡುಗಿದ ಕೈಗೆ ಬರೋಣ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ಉತ್ತರವಿದೆ. ರಾಬರ್ಟ್ ಝಾಯಂಟ್ಸ್ ಎಂಬ ವಿಜ್ಞಾನಿ 1965ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಪಕ್ಕದಲ್ಲಿ ಯಾರಾದರೂ ಇದ್ದರೆ ನಮ್ಮ ಮೈ ಒಂದು ಗೇರ್ ಮೇಲೆ ಓಡುತ್ತದೆ. ಚೆನ್ನಾಗಿ ಪಳಗಿದ ಕೆಲಸವಾದರೆ ಅದು ಇನ್ನೂ ಚೆನ್ನಾಗಿ ಆಗುತ್ತದೆ. ಹೊಸ ಕೆಲಸವಾದರೆ ಕೆಡುತ್ತದೆ. ಅವರು ಮತ್ತು ಜೊತೆಗಾರರು 1969ರಲ್ಲಿ ಜಿರಳೆಗಳ ಮೇಲೂ ಇದನ್ನು ಪರೀಕ್ಷಿಸಿದರು. ನಿಜವಾಗಿ ಜಿರಳೆಗಳೇ. ಬೇರೆ ಜಿರಳೆಗಳು ನೋಡುತ್ತಿದ್ದರೆ ನೆಟ್ಟಗಿನ ದಾರಿಯಲ್ಲಿ ಓಡುವ ಜಿರಳೆ ಇನ್ನೂ ಜೋರಾಗಿ ಓಡಿತು. ತಿರುವು ಇರುವ ದಾರಿಯಲ್ಲಿ ನಿಧಾನವಾಯಿತು. ಪ್ರೇಕ್ಷಕರ ಮುಂದೆ ಜಿರಳೆಯೇ ತಡವರಿಸುವಾಗ ನಿಮ್ಮದೇನು ದೊಡ್ಡ ವಿಷಯ ಬಿಡಿ.

ಆದ್ದರಿಂದ ನಿಮ್ಮ ತಮ್ಮ ಮಾಡಿದ ತಪ್ಪು ಒಂದೇ. ಹೊಸಬರನ್ನು ಕಲಿಯುವ ಮೊದಲೇ ರಂಗಕ್ಕೆ ಹತ್ತಿಸಿದ. ನನ್ನ ಸೆಂಟರಿನಲ್ಲಿ ಇದನ್ನು ದಿನಾ ನೋಡುತ್ತಿದ್ದೆ. ಆಗ ಕೌಂಟರ್ ಸ್ಟ್ರೈಕ್ ಕಾಲ. 1999ರಲ್ಲಿ ಹಾಫ್ ಲೈಫ್ ಎಂಬ ಆಟವನ್ನು ಬದಲಾಯಿಸಿ ಇಬ್ಬರು ಹುಡುಗರು ಮಾಡಿದ ಆಟ ಅದು. ನಮ್ಮಲ್ಲಿ ಓಡುತ್ತಿದ್ದದ್ದು ಅದರ 1.6 ಆವೃತ್ತಿ. ಸಂಜೆ ನಾಲ್ಕೂವರೆಗೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ನುಗ್ಗುತ್ತಿದ್ದರು. ಅದರ ನಿಯಮ ಕಠಿಣ. ಒಮ್ಮೆ ಸತ್ತರೆ ಆ ಸುತ್ತು ಮುಗಿಯುವ ತನಕ ಸುಮ್ನೆ ನೋಡುತ್ತಾ ಕೂರಬೇಕು. ಅಂದರೆ ಕಲಿಯಬೇಕಾದವನಿಗೇ ಆಡಲು ಸಿಗುವುದು ಕಡಿಮೆ, ಕಲಿತವನಿಗೆ ಜಾಸ್ತಿ. ಹೊಸಬ ಹತ್ತು ಸೆಕೆಂಡಿಗೆ ಸತ್ತು, ಎರಡು ನಿಮಿಷ ನೋಡಿ, ಮತ್ತೆ ಹತ್ತು ಸೆಕೆಂಡಿಗೆ ಸಾಯುತ್ತಿದ್ದ. ಅವನ 20 ರೂಪಾಯಿಯಲ್ಲಿ 15 ರೂಪಾಯಿ ಬೇರೆಯವರ ಆಟ ನೋಡಲಿಕ್ಕೇ ಹೋಗುತ್ತಿತ್ತು. ಅಂಥವರಿಗೆ ನಾನು ಮಧ್ಯಾಹ್ನ ಬರಲು ಹೇಳುತ್ತಿದ್ದೆ. ಕಂಪ್ಯೂಟರ್ ಗೊಂಬೆಗಳ ಜೊತೆ ಒಬ್ಬನೇ ಒಂದು ವಾರ ಆಡು, ಆಮೇಲೆ ಸಂಜೆ ಬಾ ಅಂತ. ನನಗೆ ಮಧ್ಯಾಹ್ನದ ವ್ಯಾಪಾರವೂ ಆಗುತ್ತಿತ್ತು ಅನ್ನಿ.

ಮಧ್ಯಾಹ್ನದ ಗಿರಾಕಿಗಳಲ್ಲಿ ಒಬ್ಬ ಹುಡುಗನನ್ನು ಈಗಲೂ ಮರೆತಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರ್. ಮೂರು ಗಂಟೆಗೆ ಬಿಡುವು ಸಿಕ್ಕ ಕೂಡಲೇ ಬರುತ್ತಿದ್ದ. ಆಡುತ್ತಿದ್ದದ್ದು ವೈಸ್ ಸಿಟಿ, ಗುಂಡು ಹೊಡೆಯುವ, ಕಾರು ಕದಿಯುವ ಆಟ. ಅವನು ಅದ್ಯಾವುದನ್ನೂ ಮಾಡುತ್ತಿರಲಿಲ್ಲ. ಬೈಕ್ ಹತ್ತಿ ಸಮುದ್ರದ ದಂಡೆಯ ರಸ್ತೆಯಲ್ಲಿ ಮೆಲ್ಲಗೆ ಹೋಗುತ್ತಿದ್ದ. ಆಟದೊಳಗಿನ ರೇಡಿಯೋ ಕೇಳುತ್ತಿದ್ದ. ಸಂಜೆಯಾಗಿ ಆಕಾಶ ಕೆಂಪಾದರೆ ಬೈಕ್ ನಿಲ್ಲಿಸಿ ನೋಡುತ್ತಿದ್ದ. ಒಂದು ಗಂಟೆ ಮುಗಿದರೆ ಎದ್ದು ದುಡ್ಡು ಕೊಟ್ಟು ಹೋಗುತ್ತಿದ್ದ. ಒಂದು ದಿನ ಕೇಳಿದೆ, ಆಟ ಹೇಳುವ ಕೆಲಸ, ಅಂದರೆ ಮಿಷನ್ ಮಾಡಲ್ವಾ ಅಂತ. "ಬೆಳಗ್ಗಿಂದ ಅದು ತಾ ಇದು ತಾ ಅಂತ ಎಲ್ರೂ ಹೇಳ್ತಾನೇ ಇರ್ತಾರೆ ಅಣ್ಣಾ, ಇಲ್ಲೂ ಯಾಕೆ" ಅಂದ. ಅವನನ್ನು ಒಂಟಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಜನರಿಂದ ಒಂದು ಗಂಟೆ ರಜೆ ತಗೊಳ್ಳುತ್ತಿದ್ದ, ಅಷ್ಟೆ. ನೀವೂ ಹಗಲೆಲ್ಲ ಮೀಟಿಂಗಿನಲ್ಲಿ ಹತ್ತು ಜನರ ದನಿ ಕೇಳಿರುತ್ತೀರಿ. ರಾತ್ರಿ ಒಂದು ಗಂಟೆ ಮೂಲಂಗಿ ಗಿಡಕ್ಕೆ ನೀರು ಹಾಕುವುದರಲ್ಲಿ ನನಗೆ ಯಾವ ರೋಗವೂ ಕಾಣುವುದಿಲ್ಲ.

ಹಾಗಂತ ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಲೂ ನಾನು ತಯಾರಿಲ್ಲ. ತೋಟದ ಮನೆ, ಅಕ್ಕಪಕ್ಕದ ಮನೆ ಅಂದರೆ ಅರ್ಧ ಮೈಲಿ. ಕೆಲಸವೂ ಮನೆಯಲ್ಲೇ. ಅಮ್ಮನಿಗೆ ಮಾತಿಗೆ ಸಿಗುವವರು ನೀವು ಮತ್ತು ತಮ್ಮ. ಹಗಲು ನಿಮ್ಮ ಕಿವಿಯಲ್ಲಿ ಹೆಡ್‌ಫೋನ್, ರಾತ್ರಿಯೂ ಹೆಡ್‌ಫೋನ್. ಗೂಬೆ ಅಂದದ್ದು ನಿಮ್ಮ ಒಂಟಿತನಕ್ಕೋ ಅಥವಾ ಅವರದ್ದಕ್ಕೋ, ಒಮ್ಮೆ ಕೇಳಿ ನೋಡಿ.

ತಮ್ಮನ ವಿಷಯ ಸ್ವಲ್ಪ ಸ್ವಾರಸ್ಯವಾಗಿದೆ. ರಿಚರ್ಡ್ ಬಾರ್ಟಲ್ ಎಂಬ ಬ್ರಿಟನ್ನಿನವರು 1978ರ ಹೊತ್ತಿಗೇ ರಾಯ್ ಟ್ರಬ್‌ಶಾ ಜೊತೆ ಸೇರಿ, ಬರೀ ಅಕ್ಷರಗಳಲ್ಲಿ ನಡೆಯುವ, ಹಲವರು ಒಟ್ಟಿಗೆ ಆಡುವ ಆಟವೊಂದನ್ನು ಕಟ್ಟಿದವರು. 1996ರಲ್ಲಿ ಅವರು ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಕ್ಕೆ ಹೋಲಿಸಿ ಬರೆದರು. ಡೈಮಂಡ್ ಅಂದರೆ ನಿಧಿ, ಅಂಕ, ಪದವಿ ಕೂಡಿಡುವವರು. ಇಸ್ಪೀಟು ಅಂದರೆ ನೆಲ ಅಗೆದು ಹುಡುಕುವವರು, ಮೂಲೆ ಮೂಲೆ ಸುತ್ತುವವರು. ಆಟೀನು ಅಂದರೆ ಮಾತಿಗಾಗಿ, ಜನಕ್ಕಾಗಿ ಬರುವವರು. ಕ್ಲಾವರ್ ಅಂದರೆ ದೊಣ್ಣೆ ಹಿಡಿದು ಬೇರೆಯವರ ತಲೆ ಒಡೆಯಲು ಬರುವವರು. ನನ್ನ ಹೋಟೆಲ್ ಹುಡುಗ ಅಪ್ಪಟ ಇಸ್ಪೀಟು. ನೀವೂ ಬಹುಶಃ ಅದೇ. ಹಾಗಾದರೆ ಬಂದೂಕಿನ ಆಟ ಆಡುವ ನಿಮ್ಮ ತಮ್ಮ ಕ್ಲಾವರ್ ಇರಬೇಕು ಅನ್ನಿಸುತ್ತದೆ, ಅಲ್ವಾ? ನನಗೆ ಅನುಮಾನ. ಒಂದು ಸಂಜೆ ಅವನ ಪಕ್ಕ ಕೂತು ಆ ಹುಡುಗರು ಏನು ಮಾತಾಡುತ್ತಾರೆ ಅಂತ ಕೇಳಿ. ವಿಮಾನದಿಂದ ಜಿಗಿಯುವಾಗ ಟ್ಯೂಷನ್ ಸರ್ ಬೈದದ್ದು. ಗುಡ್ಡದ ಹಿಂದೆ ಅಡಗಿ ಕೂತಾಗ ಯಾರದ್ದೋ ಹೊಸ ಬೈಕು. ನಡುನಡುವೆ ನಾಲ್ಕು ಗುಂಡು. ಅದು ನಮ್ಮ ಕಾಲದ ಅರಳಿಕಟ್ಟೆ. ಅವನು ಆಟೀನು.

2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲನ್ನು ಸರ್ಕಾರ ನಿಷೇಧಿಸಿದಾಗ ಹಾಸನದಲ್ಲಿ ನನ್ನ ಪರಿಚಯದ ಹುಡುಗರು ಮಂಕಾಗಿದ್ದರು. ಕೊರೋನಾ ಸಮಯ, ಕಾಲೇಜು ಬೇರೆ ಮುಚ್ಚಿತ್ತು. ಆಟ ಹೋಯಿತು ಅಂತ ಅತ್ತದ್ದು ಕಡಿಮೆ. "ಈಗ ಸಂಜೆ ಎಲ್ಲಿ ಸೇರೋದು" ಅಂತ ಕೇಳಿದ್ದೇ ಜಾಸ್ತಿ. 2021ರ ಜುಲೈನಲ್ಲಿ ಅದೇ ಆಟದ ಭಾರತದ ಆವೃತ್ತಿಯಾಗಿ ಬಿಜಿಎಂಐ ಬಂದಾಗ ಅರ್ಧ ಜನ ವಾಪಸ್ ಬಂದರು, ಅರ್ಧ ಜನ ಬರಲಿಲ್ಲ. ಕಟ್ಟೆ ಒಮ್ಮೆ ಚದುರಿದರೆ ಹಾಗೇ.

ಕೂಡಿ ಆಡುವುದಕ್ಕೆ ಇನ್ನೊಂದು ಖರ್ಚಿದೆ, ಅದನ್ನೂ ಹೇಳಿಬಿಡುತ್ತೇನೆ. ಬಣ್ಣದ ಅಂಗಿ, ಚಿನ್ನದ ಬಂದೂಕು ಅಂತ ಆಟದೊಳಗೆ ಮಾರುವ ಅಲಂಕಾರ ಇರುತ್ತಲ್ಲ, ಅದಕ್ಕೆ ಹುಡುಗರು ನಿಜವಾದ ದುಡ್ಡು ಸುರಿಯುವುದು ನಾಲ್ಕು ಜನ ನೋಡುತ್ತಾರೆ ಅಂತಲೇ. ಕನ್ನಡಿ ಮುಂದೆ ಒಬ್ಬರೇ ಕೂರಲು ಯಾರು ಜರತಾರಿ ಸೀರೆ ಉಡುತ್ತಾರೆ? ತಮ್ಮನ ಮೊಬೈಲಿಗೆ ಅಮ್ಮನ ಯುಪಿಐ ಜೋಡಿಸಿದ್ದರೆ ಇವತ್ತೇ ತೆಗೆಸಿ.

ಇದು ಚಟವಾ ಅಂತ ನೀವು ಕೇಳಿಲ್ಲ, ಆದರೆ ಅಮ್ಮ ಕೇಳಬಹುದು. ಎಷ್ಟು ಗಂಟೆ ಆಡಿದ ಅನ್ನುವುದರ ಮೇಲೆ ಅದು ನಿರ್ಧಾರವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಎಂಬುದು 2022ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು, ತೊಂದರೆ ಆಗುತ್ತಿದ್ದರೂ ಬಿಡಲಾಗದಂತಿರಬೇಕು. ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಹಾಗೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಒಂದು ಗಂಟೆ ಆಡಿ ಮಲಗುವ ನಿಮಗೂ, ಬರೆದಷ್ಟೇ ನಿಜವಾದರೆ ನಿಮ್ಮ ತಮ್ಮನಿಗೂ, ಅಲ್ಲಿ ಕೆಲಸವಿಲ್ಲ.

ಒಬ್ಬರೇ, ಇಲ್ಲವೇ ಗದ್ದಲ. ಇವೆರಡೇ ದಾರಿ ಅಂದುಕೊಂಡಿದ್ದೀರಿ. ನನಗೆ ತೀರಾ ಇಷ್ಟವಾದ ಆಟಗಳು ಇವೆರಡರ ನಡುವೆ ಇವೆ. ಡಾರ್ಕ್ ಸೋಲ್ಸ್ ಅಂತ ಒಂದು ಆಟ, 2011ರದ್ದು. ಭಾರೀ ಕಷ್ಟದ್ದು. ಆಡುವವರು ಒಬ್ಬರೇ. ಆದರೆ ನೆಲದ ಮೇಲೆ ಬೇರೆ ಯಾರೋ ಬರೆದಿಟ್ಟ ಸಾಲುಗಳು ಹೊಳೆಯುತ್ತಿರುತ್ತವೆ. ಮುಂದೆ ಹೊಂಚು ಹಾಕಿದ್ದಾರೆ, ಹುಷಾರು, ಅಂತ. ಕೆಲವರು ಸುಳ್ಳು ಬರೆದು ಪ್ರಪಾತಕ್ಕೂ ಬೀಳಿಸುತ್ತಾರೆ, ಅದು ಬೇರೆ ಮಾತು. ಇದನ್ನು ಮಾಡಿದ ಜಪಾನಿನ ಹಿಡೆಟಾಕ ಮಿಯಾಝಾಕಿಗೆ ಈ ಯೋಚನೆ ಬಂದದ್ದು ಹಿಮ ಬಿದ್ದ ಒಂದು ದಿನ. ದಿಣ್ಣೆಯಲ್ಲಿ ಕಾರುಗಳು ಜಾರಿ ನಿಂತಿದ್ದವಂತೆ. ಹಿಂದಿನ ಕಾರು ಮುಂದಿನದ್ದನ್ನು ತಳ್ಳುತ್ತಾ, ಹಾಗೇ ಸಾಲಾಗಿ ಎಲ್ಲರೂ ಹತ್ತಿದರಂತೆ. ಇವರು ನಿಂತು ಧನ್ಯವಾದ ಹೇಳಲು ಆಗಲಿಲ್ಲ, ನಿಂತರೆ ಮತ್ತೆ ಜಾರುತ್ತದೆ. ತಳ್ಳಿದವರು ಯಾರೋ, ಎಲ್ಲಿಗೆ ಹೋದರೋ. ನಿಮಗೆ ಹಿಮ ಬೇಡ. ಜುಲೈನಲ್ಲಿ ನಿಮ್ಮ ತೋಟದ ದಾರಿಯ ಕೆಸರಿನಲ್ಲಿ ಜೀಪು ಹೂತಾಗ ಎಲ್ಲಿಂದಲೋ ನಾಲ್ಕು ಜನ ಬಂದು ತಳ್ಳಿ, ಕೈ ಒರೆಸಿಕೊಂಡು ಹೋಗುತ್ತಾರಲ್ಲ, ಅದೇ.

ಜರ್ನಿ ಎಂಬ ಇನ್ನೊಂದಿದೆ, 2012ರದ್ದು. ಮರಳುಗಾಡಿನಲ್ಲಿ ದೂರದ ಬೆಟ್ಟದ ಕಡೆ ನಡೆಯುವುದಷ್ಟೇ. ನಡುದಾರಿಯಲ್ಲಿ ನಿಮ್ಮಂತೆಯೇ ಕೆಂಪು ನಿಲುವಂಗಿಯ ಇನ್ನೊಬ್ಬರು ಸಿಗುತ್ತಾರೆ. ಪ್ರಪಂಚದ ಯಾವುದೋ ಮೂಲೆಯಲ್ಲಿ ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ, ಬೈಯಲು ಆಗುವುದೇ ಇಲ್ಲ. ಸಣ್ಣ ನಾದ ಒಂದನ್ನು ಮಾತ್ರ ಹೊರಡಿಸಬಹುದು. ಹೆಸರು ತೋರಿಸುವುದು ಕಡೆಯಲ್ಲಿ. ನಾನು ಆಡಿದಾಗ ಚಳಿಗಾಳಿಯ ಜಾಗದಲ್ಲಿ ನನ್ನ ಜೊತೆಗಾರ ಹಿಂದೆ ಉಳಿದ. ನಾನು ನಿಂತು ಕಾದೆ. ಕಾಂಟ್ರಾದ ನೆನಪಾಗಿ ಒಬ್ಬನೇ ನಕ್ಕೆ. ಗುಂಪಿನಲ್ಲಿ ಕೈ ನಡುಗುವವರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ನೆಟ್ ಇಲ್ಲದಿದ್ದರೆ ಒಬ್ಬರೇ ನಡೆಯಬಹುದು, ಆಟ ಕೆಡುವುದಿಲ್ಲ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ 2020ರ ಕೊನೆಯಿಂದ ಒಂದೇ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡಬಹುದು. ಇನ್ನೊಂದು ಪ್ರತಿ ಕೊಳ್ಳುವುದು ಬೇಡ, ನೆಟ್ ಬೇಡ. ಯುಎಸ್‌ಬಿ ಜಾಯ್‌ಸ್ಟಿಕ್ ಒಂದು ಬೇಕು. ಲ್ಯಾಪ್‌ಟಾಪ್ ಪರದೆ ಇಬ್ಬರಿಗೆ ಚಿಕ್ಕದಾದರೆ ಎಚ್‌ಡಿಎಂಐ ವೈರಿನಿಂದ ಟಿವಿಗೆ ಜೋಡಿಸಿ. ಒಂದು ಎಚ್ಚರಿಕೆ. ತಮ್ಮನನ್ನು ನಿಮ್ಮ ಹಳೆಯ ಜಮೀನಿಗೆ ಕರೆಯಬೇಡಿ. ನೀವು ಇಷ್ಟು ದಿನ ಕೂಡಿಟ್ಟದ್ದನ್ನು ಒಂದೇ ಸಂಜೆಯಲ್ಲಿ ಮಾರಿ ಕತ್ತಿ ಕೊಳ್ಳುತ್ತಾನೆ. ಹೊಸ ಜಮೀನು ಶುರು ಮಾಡಿ. ದುಡ್ಡು ಬೇರೆ ಬೇರೆ ಇಟ್ಟುಕೊಳ್ಳುವ ಆಯ್ಕೆ ಇದೆ. ಅಕ್ಕ-ತಮ್ಮಂದಿರಿಗೆ ಅದೇ ಕ್ಷೇಮ. ಗಣಿಯಲ್ಲಿ ಹುಳ-ಹುಪ್ಪಟೆ ಹೊಡೆಯುವ ಕೆಲಸ ಅವನಿಗೆ ಕೊಡಿ, ಗಿಡ ನೀವು ನೋಡಿಕೊಳ್ಳಿ. ಇಲ್ಲಿ ಪಳಗಿದವರು ನೀವು, ಹೊಸಬ ಅವನು. ಅವನ ಕೈ ನಡುಗಿದರೆ ಮಾತ್ರ ದಯವಿಟ್ಟು ನಗಬೇಡಿ. ಇದು ಒಗ್ಗಿದ ಮೇಲೆ 2021ರ ಇಟ್ ಟೇಕ್ಸ್ ಟೂ ನೋಡಿ, ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಓವರ್‌ಕುಕ್ಡ್ ಅಂತ ಒಂದು ಅಡುಗೆಮನೆ ಆಟವೂ ಇದೆ. ಚೆನ್ನಾಗಿದೆ, ಆದರೆ ನಮ್ಮ ಮನೆಯಲ್ಲಿ ಅದರಿಂದ ನಿಜವಾದ ಜಗಳ ಆಗಿ ಎರಡು ದಿನ ಮಾತು ನಿಂತಿತ್ತು. ಮೊಬೈಲೇ ಬೇಕು ಅಂತ ತಮ್ಮ ಹಟ ಹಿಡಿದರೆ ಮಿನಿ ಮಿಲಿಟಿಯಾ ಹಾಕಿಕೊಳ್ಳಿ. ಹಾಸ್ಟೆಲ್ ಹುಡುಗರು ಒಬ್ಬರ ಹಾಟ್‌ಸ್ಪಾಟಿಗೆ ಎಲ್ಲರೂ ಸೇರಿಕೊಂಡು, ಒಂದು ಎಂಬಿ ಡೇಟಾ ಸುಡದೆ ಆಡುತ್ತಿದ್ದ ಆಟ.

ಇನ್ನು ನೆಟ್‌ವರ್ಕ್. "100 ಎಂಬಿಪಿಎಸ್ ಇದೆ, ಆದರೂ ಲ್ಯಾಗ್, ಆಟ ತಡವಾಗಿ ಓಡುತ್ತೆ" ಅಂತ ನನ್ನ ಹತ್ತಿರ ವಾರಕ್ಕೊಬ್ಬರು ಬರುತ್ತಾರೆ. ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಸ್ಪ್ರಿಂಕ್ಲರ್ ಪೈಪ್ ಎಷ್ಟು ದಪ್ಪ ಅನ್ನುವುದು ಒಂದು. ಮೋಟರ್ ಹಾಕಿದ ಮೇಲೆ ಜೆಟ್ಟಿನ ಬಾಯಿಗೆ ನೀರು ಬರಲು ಎಷ್ಟು ಹೊತ್ತು ಅನ್ನುವುದು ಇನ್ನೊಂದು. ಸಿನಿಮಾ ನೋಡಲು ದಪ್ಪ ಪೈಪ್ ಬೇಕು. ಆಟಕ್ಕೆ ಸಣ್ಣ ಪೈಪ್ ಸಾಕು, ಆದರೆ ನೀರು ತಕ್ಷಣ ಬರಬೇಕು. ಸಂದೇಶ ಹೋಗಿ ವಾಪಸ್ ಬರಲು ಹಿಡಿಯುವ ಹೊತ್ತಿಗೇ ಪಿಂಗ್ ಅನ್ನುವುದು. ಸೆಕೆಂಡಿನ ಸಾವಿರದ ಒಂದು ಪಾಲು, ಅಂದರೆ ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. 50ರ ಆಸುಪಾಸಿದ್ದರೆ ಗೊತ್ತೇ ಆಗುವುದಿಲ್ಲ. 200 ದಾಟಿದರೆ ನೀವು ಗುಂಡು ಹೊಡೆಯುವುದು ಎದುರಾಳಿ ಇದ್ದ ಜಾಗಕ್ಕೆ, ಇರುವ ಜಾಗಕ್ಕಲ್ಲ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರ್, ಸಾವಿರ ಕಿಲೋಮೀಟರ್ ದೂರ ಇದ್ದರೂ ಹೋಗಲು 5 ಮಿಲಿಸೆಕೆಂಡು, ಬರಲು 5. ಹಾಗಾಗಿ ಮೂಡಿಗೆರೆ ದೂರ ಅನ್ನುವುದು ನೆಪ. ಹೊತ್ತು ತಿನ್ನುವುದು ಟವರಿನಿಂದ ಮೊಬೈಲಿಗೆ, ರೂಟರಿನಿಂದ ನಿಮ್ಮ ಕೋಣೆಗೆ ಇರುವ ಕೊನೆಯ ತುಂಡು. ಹಳೆಯ ಮನೆಯ ಎರಡಡಿ ದಪ್ಪದ ಮಣ್ಣಿನ ಗೋಡೆ ವೈಫೈ ನುಂಗಿಬಿಡುತ್ತದೆ. ರೂಟರಿನಿಂದ ಕೋಣೆಗೆ ಒಂದು ಲ್ಯಾನ್ ವೈರ್ ಎಳೆಸಿ. ನಿಮ್ಮ ಆಫೀಸು ಕೆಲಸಕ್ಕೂ ಒಳ್ಳೆಯದು.

ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಹಾಕಿಸಿ. ಗುಡುಗು ಶುರುವಾದರೆ ಮಾತ್ರ ಯುಪಿಎಸ್ ನಂಬಬೇಡಿ, ಪ್ಲಗ್ಗನ್ನೇ ಕಿತ್ತಿಡಿ. ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ಲೇ ಹರಿದರೆ ಯಾರೂ ಏನೂ ಮಾಡಲಾಗದು. ಆಗ ನಿಮ್ಮ ಒಬ್ಬರೇ ಆಡುವ ಆಟವೇ ಗತಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದರೆ ನೆಟ್ ಇರುವಾಗಲೇ ಒಮ್ಮೆ ಲಾಗಿನ್ ಆಗಿ ಆಫ್‌ಲೈನ್ ಮೋಡ್ ಪರೀಕ್ಷಿಸಿಡಿ, ಜೂನ್ ಬರುವ ಮೊದಲೇ. ನಿಮ್ಮ ಆಟ ಸೇವ್ ಆಗುವುದು ಹಾಸಿಗೆಗೆ ಹೋದಾಗ ಮಾತ್ರ. ಬ್ಯಾಟರಿ ಮುಗಿದು ಆರಿಹೋದರೂ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ದಿನ, ಅಂದರೆ ಆ 14 ನಿಮಿಷ.

ಕೊನೆಗೆ ಅಮ್ಮ. ಅವರು ಸಣ್ಣವರಿದ್ದಾಗ ಅಳಗುಳಿ ಮಣೆ ಆಡಿರಬಹುದು. ಎದುರಿಗೆ ಯಾರೂ ಇಲ್ಲದಿದ್ದರೆ ಒಬ್ಬರೇ ಕೂತು ಹದಿನಾಲ್ಕು ಗುಳಿಗೂ ಹರಳು ಹಾಕುತ್ತಾ ಆಡುವ ರೂಢಿ ಇತ್ತು. ಅಶೋಕವನದಲ್ಲಿ ಸೀತೆ ಹಾಗೆ ಆಡಿದಳು ಅಂತ ಹೇಳುವವರಿದ್ದಾರೆ. ಅದನ್ನು ನೆನಪಿಸಿದರೆ ಗೂಬೆ ಅನ್ನುವುದು ಸ್ವಲ್ಪ ಕಡಿಮೆ ಆದೀತು. ಅದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಆಟದೊಳಗೆ ಶುಕ್ರವಾರ, ಭಾನುವಾರ ಬರುವ ಸಂತೆ ಗಾಡಿಯಲ್ಲಿ ಅದೃಷ್ಟ ಇದ್ದರೆ ಕಾಫಿ ಬೀಜ ಸಿಗುತ್ತದೆ. ತಂದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಡಿ. ಹತ್ತು ದಿನಕ್ಕೆ ಫಸಲು. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಹೂಮಳೆ ಕಾಯುವ ಹಾಗಿಲ್ಲ, ಬೋರರ್ ಹುಳ ಇಲ್ಲ, ಕೊಯ್ಯಲು ಆಳು ಹುಡುಕುವ ಹಾಗಿಲ್ಲ. ಗಿಡ ನೆಟ್ಟು ಮೂರು-ನಾಲ್ಕು ವರ್ಷ ಮೊದಲ ಫಸಲಿಗೆ ಕಾದ ನಿಮ್ಮಮ್ಮ ಇದಕ್ಕೆ ಏನಂದರು ಅಂತ ಒಂದು ಸಾಲು ಬರೆದು ತಿಳಿಸಿ.